ಎಡಗೈ ಚಪ್ಪಾಳೆ

ಬದರಿನಾಥ್ ಆಫೀಸಿನ ಕಾಗದಗಳನ್ನು ಊಟದ ಮೇಜಿಗೆ ತರುವವರಲ್ಲ. ಆ ಸೋಮವಾರ ಸಾರಿನ ಪಾತ್ರೆಯನ್ನು ಪಕ್ಕಕ್ಕೆ ಸರಿಸಿ ನಾಲ್ಕು ಹಾಳೆಗಳನ್ನು ಇಟ್ಟರು.

"ಓದಿ. ಎಲ್ಲಾರೂ ಓದಿ," ಎಂದರು.

ನಾನು ಕನ್ನಡಕ ಹುಡುಕುವಷ್ಟರಲ್ಲಿ ಮಗಳು ಲಾಸ್ಯಾ ಜೋರಾಗಿ ಓದತೊಡಗಿದ್ದಳು. ನಾವು ನೆಲೆಸಿರುವ ಈ ಪರದೇಶದ ಸೆಲೆಟಾರ್ ಬಡಾವಣೆಯಲ್ಲಿ ವಿಮಾನದ ಇಂಧನ ಪಂಪುಗಳನ್ನು ರಿಪೇರಿ ಮಾಡುವ ಕಂಪನಿಯಲ್ಲಿ ನನ್ನ ಗಂಡ ಒಂದು ರಿಪೇರಿ ಶಾಪಿನ ಮುಖ್ಯಸ್ಥರು. ಅವರ ಕೈಕೆಳಗೆ ಹನ್ನೊಂದು ಜನ. ಹೆಸರು ಬರೆಯದೆ ಉತ್ತರಿಸಬಹುದಾದ ಒಂದು ಸರ್ವೆಯನ್ನು ಕಂಪನಿ ಅವರಿಗೆ ಕೊಟ್ಟಿತ್ತು. 'ನನ್ನಿಂದ ತಪ್ಪಾದರೆ ಕೂಡಲೇ ಮೇಲಿನವರಿಗೆ ಹೇಳುತ್ತೇನೆ' ಎಂಬ ವಾಕ್ಯದ ಮುಂದೆ ಒಂಬತ್ತು ಜನ 'ಇಲ್ಲ' ಎಂದು ಗುರುತು ಹಾಕಿದ್ದರು. ಕೆಳಗೆ ಒಬ್ಬರು ಬರೆದಿದ್ದರು: ಅವರು ನ್ಯಾಯವಂತರು, ಆದರೆ ಅವರಿಗೆ ನಾವು ಏನನ್ನೂ ಹೇಳುವುದಿಲ್ಲ.

"ನ್ಯಾಯವಂತ ಅಂತ ಬರ್ದಿದ್ದಾರಲ್ಲೋ ಬದರಿ," ಎಂದರು ಅತ್ತೆ.

"ಅಮ್ಮ, ಅದರ ಮುಂದಿನ ಮಾತು ಕೇಳಿಸ್ಕೊಂಡ್ಯಾ?"

ಸರ್ವೆ ಮಾಡಿಸಿದ್ದರ ಕಾರಣ ನಮಗೆಲ್ಲ ಗೊತ್ತಿತ್ತು. ಅವರ ಶಾಪಿನಲ್ಲಿ ಗೋಡೆಯ ಹಲಗೆಯ ಮೇಲೆ ಪ್ರತಿಯೊಂದು ಉಪಕರಣದ ನೆರಳಿನಂಥ ಚಿತ್ರವಿದೆ. ಉಪಕರಣ ಇಲ್ಲದಿದ್ದರೆ ಚಿತ್ರ ಖಾಲಿ ಕಾಣುತ್ತದೆ. ಹಿಂದಿನ ತಿಂಗಳು ನಟ್ಟು ತಿರುಗಿಸುವ ಒಂದು ಸಣ್ಣ ಸಾಕೆಟ್ ಮಧ್ಯಾಹ್ನ ಕಾಣೆಯಾಗಿತ್ತು. ಯಾರೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಬದರಿ ಖಾಲಿ ಚಿತ್ರವನ್ನು ಕಂಡು, ಅದು ಯಾವುದೋ ಪಂಪಿನೊಳಗೆ ಉಳಿದಿರಬಹುದೆಂದು ಪ್ಯಾಕ್ ಆಗಿದ್ದ ಪಂಪುಗಳನ್ನೆಲ್ಲ ಬಿಚ್ಚಿಸಿದರು. ಸಾಕೆಟ್ ಸಿಕ್ಕಿದ್ದು ಟಿಶ್ಯೂ ಡಬ್ಬಿಯ ಹಿಂದೆ. ಅಪಾಯವೇನೂ ಆಗಲಿಲ್ಲ, ಆದರೆ ಹದಿನಾರು ಗಂಟೆ ನಿಮಗೆ ಯಾಕೆ ಯಾರೂ ಹೇಳಲಿಲ್ಲ ಎಂದು ಮೇಲಿನವರು ಕೇಳಿದ್ದರು.

"ಆರು ವಾರ ಟೈಮ್ ಕೊಟ್ಟಿದ್ದಾರೆ. ಆಮೇಲೆ ಮತ್ತೆ ಸರ್ವೆ. ಆಗ್ಲೂ ಹೀಗೇ ಬಂದ್ರೆ ನವನೀತ್ ಶಾಪ್ ನೋಡ್ಕೊಳ್ತಾನೆ, ನಾನು ಡಾಕ್ಯುಮೆಂಟ್ ಡೆಸ್ಕಲ್ಲಿ ಅವನ ಕೈಕೆಳಗೆ." ನವನೀತನಿಗೆ ಕೆಲಸ ಕಲಿಸಿದವರು ಇವರೇ. "ಅಲ್ಲೀತನಕ ಪ್ರತಿ ಬುಧವಾರ ಕ್ಲಾಸು. ಯಾರು ಪಾಠ ಮಾಡೋದು ಗೊತ್ತಾ? ಕಾಮಿಡಿ ಮಾಡೋವ್ರು! ಸ್ಟೇಜ್ ಮೇಲೆ ಇಂಪ್ರೊವ್ ಮಾಡ್ತಾರಂತೆ."

ಲಾಸ್ಯಾ ಹಾಳೆಯನ್ನು ಮುಖಕ್ಕೆ ಅಡ್ಡ ಹಿಡಿದಳು. ಅವಳ ಭುಜ ಅಲುಗುತ್ತಿತ್ತು.

"ನಗ್ಬೇಡ," ಎಂದೆ ನಾನು.

"ಸಾರಿ ಅಮ್ಮ. ಬಟ್ ಅಪ್ಪ, ಮೂರು ವರ್ಷದಿಂದ ನಾನು ಮಾಡ್ತಿರೋದು ಅದೇ lah!" ಈ ಊರಿನವರು ಮಾತಿನ ಕೊನೆಗೆ ಸೇರಿಸುವ lah ಅವಳ ಕನ್ನಡಕ್ಕೂ ಅಂಟಿಕೊಂಡಿತ್ತು.

ಅವಳಿಗೆ ಇಪ್ಪತ್ಮೂರು. ಪ್ರತಿ ಶನಿವಾರ ಹೌಗಾಂಗ್‌ನ ಒಂದು ಸಣ್ಣ ಹಾಲ್‌ನಲ್ಲಿ ಅವಳು ಮತ್ತು ಐದು ಜನ ಗೆಳೆಯರು ಇಂಪ್ರೊವ್ ಮಾಡುತ್ತಾರೆ. ಬರೆದ ಸಂಭಾಷಣೆ ಇರುವುದಿಲ್ಲ. ನೋಡುವವರು ಕೂಗಿದ ಒಂದು ಮಾತನ್ನು ಹಿಡಿದು ಅಲ್ಲೇ ನಾಟಕ ಕಟ್ಟುತ್ತಾರೆ. ಬದರಿ ಒಮ್ಮೆಯೂ ನೋಡಲು ಹೋಗಿರಲಿಲ್ಲ. ತಯಾರಿ ಇಲ್ಲದೆ ಮಾಡುವ ಯಾವ ಕೆಲಸವೂ ಅವರಿಗೆ ಕೆಲಸವಲ್ಲ.

ನಕ್ಕು ಮುಗಿಸಿದ ಲಾಸ್ಯಾ ನನ್ನ ಕಡೆ ನೋಡಿದಳು. ನಾನು ಬೇಡವೆಂದು ತಲೆಯಾಡಿಸಿದೆ.

ಹಿಂದಿನ ಶುಕ್ರವಾರ ಅವಳ ಕೆಲಸ ಹೋಗಿತ್ತು. ಆಂಗ್ ಮೋ ಕಿಯೋದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಒಂದು ವರ್ಷದ ಕಾಂಟ್ರಾಕ್ಟ್, ಮುಂದುವರಿಸುವುದಿಲ್ಲ ಎಂದಿದ್ದರು. ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ನನಗೆ ಹೇಳಿ, "ಅಪ್ಪ ಬಂದ ತಕ್ಷಣ ಹೇಳ್ತೀನಿ" ಎಂದಿದ್ದಳು. ನಾನೇ ತಡೆದೆ. ಸೋಮವಾರ ಅವರಿಗೆ ಆಫೀಸಿನಲ್ಲಿ ಏನೋ ಮೀಟಿಂಗ್ ಇದೆ, ಮುಗಿಯಲಿ ಎಂದೆ. ಸೋಮವಾರ ಈ ಹಾಳೆಗಳು ಬಂದವು. ಪಾತ್ರೆ ತೊಳೆಯುವಾಗ ಅವಳು ಮತ್ತೆ ಕೇಳಿದಳು.

"ಈಗ ಹೇಳ್ಲಾ?"

"ಆರು ವಾರ ತಾನೇ? ಅವರ ಸರ್ವೆ ಮುಗೀಲಿ. ಅಷ್ಟರಲ್ಲಿ ನಿನಗೂ ಬೇರೆ ಕೆಲ್ಸ ಸಿಗುತ್ತೆ."

"ಬೆಳಿಗ್ಗೆ ನಾನು ಎಲ್ಲಿಗೆ ಹೋಗ್ಲಿ?"

"ಲೈಬ್ರರಿಗೆ ಹೋಗು. ಡಬ್ಬಿ ಕಟ್ಟಿಕೊಡ್ತೀನಿ."

ಮರುದಿನ ಎಂದಿನಂತೆ ಏಳೂಕಾಲಿಗೆ ಚಪಾತಿ, ಬೀನ್ಸ್ ಪಲ್ಯ ಹಾಕಿ ಡಬ್ಬಿ ಕಟ್ಟಿದೆ. ತಂದೆ ಮಗಳು ಒಂದೇ ಲಿಫ್ಟಿನಲ್ಲಿ ಇಳಿದರು.

ಮೊದಲ ಬುಧವಾರ ಬದರಿ ಮನೆಗೆ ಬಂದವರೇ ಬ್ಯಾಗನ್ನು ಸೋಫಾಕ್ಕೆ ಎಸೆದರು.

"ಏನಾಯ್ತು ರೀ?"

"ಫೈನಾನ್ಸ್‌ನವನು ಬಾಳೆಹಣ್ಣು ಮಾರೋವ್ನಂತೆ, ನಾನು ಗಿರಾಕಿ ಅಂತೆ, ಹಂಗೆ ಆಡ್ಬೇಕು. ಅವನು ಬಾಳೆಹಣ್ಣು ಅಂದ, ಇಲ್ಲಿ ಬಾಳೆಹಣ್ಣೇ ಇಲ್ವಲ್ಲ ಅಂದೆ. ಎಲ್ಲಾ ನಕ್ರು."

"ಅಪ್ಪ, ಅದನ್ನ ಬ್ಲಾಕಿಂಗ್ ಅಂತೀವಿ," ಎಂದಳು ಲಾಸ್ಯಾ. "ಪಾರ್ಟ್ನರ್ ಕೊಟ್ಟಿದ್ದನ್ನ ತಗೋಬೇಕು. ಹೌದು ಅನ್ನು, ಆಮೇಲೆ ಮತ್ತೆ ಅಂತ ನಿಂದು ಒಂದು ಸೇರ್ಸು."

"ಇಲ್ಲದೇ ಇರೋದಕ್ಕೆ ಹೌದು ಅನ್ನೋದಾ? ಪಂಪ್ ಲೀಕ್ ಆಗ್ತಿದ್ರೂ ಚೆನ್ನಾಗಿದೆ ಅನ್ಲಾ?"

"ಇಲ್ಲ. ಲೀಕ್ ಆಗ್ತಿದೆ ಅಂತ ಯಾರಾದ್ರೂ ಬಂದು ಹೇಳಿದ್ರೆ ಮೊದಲು ಹೌದಾ ಅನ್ನು. ಯಾರು ಮಾಡಿದ್ದು ಅಂತ ಕೇಳ್ಬೇಡ."

ಬದರಿ ಕೈ ತೊಳೆದು ಬಂದರು. ಊಟಕ್ಕೆ ಕೂತ ಮೇಲೆ, "ಸರಿ, ಪ್ರಾಕ್ಟೀಸ್ ಮಾಡ್ಸು," ಎಂದರು. ಪರೀಕ್ಷೆ ಎಂದ ಮೇಲೆ ಓದದೆ ಬಿಡುವವರಲ್ಲ.

ಅತ್ತೆ ಕಾಯುತ್ತಿದ್ದವರಂತೆ, "ಹುಳಿಗೆ ಉಪ್ಪು ಕಮ್ಮಿ," ಎಂದರು.

"ಹೌದು... ಮತ್ತೆ..." ಬದರಿ ಯೋಚಿಸಿದರು. "ಮತ್ತೆ ಇಂದು ನೋಡಿ ಹಾಕ್ಬೇಕಿತ್ತು." ಇಂದು ಎಂದರೆ ನಾನು.

"ಅಪ್ಪ! ಅದು ಸೇರ್ಸೋದಲ್ಲ, ಬೈಯೋದು!"

"ಹೌದು, ಮತ್ತೆ... ನಾನು ಉಪ್ಪು ತರ್ತೀನಿ."

ಅವರು ನಿಜವಾಗಿ ಎದ್ದು ಅಡುಗೆಮನೆಗೆ ಹೋದರು. ಒಂದು ಕಪಾಟು ತೆರೆದು ಮುಚ್ಚಿದ ಸದ್ದು. ಎರಡನೆಯದು. ಮೂರನೆಯದರಲ್ಲಿ ಸ್ಟೀಲ್ ತಟ್ಟೆಗಳು ಜಾರಿದವು. ನಾನು ಎದ್ದೆ. ಲಾಸ್ಯಾ ನನ್ನ ಮೊಣಕೈ ಹಿಡಿದು ಕೂರಿಸಿದಳು.

"ಕೂತ್ಕೋ ಅಮ್ಮ. ನೀನು ಎದ್ರೆ ಸೀನ್ ಸತ್ತುಹೋಗುತ್ತೆ."

"ಉಪ್ಪು ಒಲೆ ಪಕ್ಕದಲ್ಲೇ ಇದೆ, ಕೆಂಪು ಮುಚ್ಚಳ," ಎಂದು ನಾನು ಕೂತಲ್ಲಿಂದಲೇ ಕೂಗಿದೆ.

"ನೋಡು, ಸಾಯ್ಸಿಬಿಟ್ಟೆ," ಎಂದಳು.

ಮೂರನೆಯ ವಾರ ಹೊಸ ಪಾಠ ಬಂತು. ಸ್ಟೇಜಿನ ಮೇಲೆ ತಪ್ಪಿದವರು ಅದನ್ನು ಮುಚ್ಚುವುದಿಲ್ಲ; ಎರಡೂ ಕೈ ಮೇಲೆತ್ತಿ 'ತಪ್ಪಿದೆ' ಎಂದು ಕೂಗುತ್ತಾರೆ, ಉಳಿದವರು ಚಪ್ಪಾಳೆ ತಟ್ಟುತ್ತಾರೆ. ಮುಂದಿನ ಆಟಕ್ಕೆ ಹೆದರಿಕೆ ಉಳಿಯಬಾರದೆಂದು ಹೀಗೆ. ಕ್ಲಾಸಿನಲ್ಲಿ ಹೇಳಿದ್ದು: ಮೊದಲು ಮುಖ್ಯಸ್ಥನೇ ಕೈಯೆತ್ತಲಿ.

ಗುರುವಾರ ಬೆಳಿಗ್ಗೆ ಬದರಿ ಶಾಪಿನ ಮುಂದೆ ನಿಂತು ಹಾಗೆಯೇ ಮಾಡಿದರು. ಸಂಜೆ ಮುಖ ಬಾಡಿತ್ತು.

"ಹನ್ನೊಂದು ಜನ ನನ್ನೇ ನೋಡ್ತಾ ನಿಂತ್ರು. ಒಬ್ಬ ಗಡಿಯಾರ ನೋಡ್ದ. ಒಬ್ರೂ ಬಾಯಿ ಬಿಡ್ಲಿಲ್ಲ."

"ನೀನು ಏನು ತಪ್ಪು ಹೇಳ್ದೆ?" ಎಂದಳು ಲಾಸ್ಯಾ.

"ನಾನು ಕೆಲವು ಸಲ ಜಾಸ್ತಿ ಪರ್ಫೆಕ್ಟ್ ಆಗಿರೋಕೆ ಟ್ರೈ ಮಾಡ್ತೀನಿ ಅಂದೆ."

ಲಾಸ್ಯಾ ಹಣೆಯನ್ನು ಮೇಜಿಗೆ ಇಟ್ಟಳು. "ಅಯ್ಯೋ ಅಪ್ಪ, ಅದು ತಪ್ಪಲ್ಲ, ಇಂಟರ್ವ್ಯೂ ಆನ್ಸರ್!"

"ಮತ್ತೆ ಏನು ಹೇಳ್ಬೇಕಿತ್ತು?"

"ನಿಂಗೆ ನಾಚಿಕೆ ಆಗೋ ಅಂಥದ್ದು. ಜನಕ್ಕೆ ಗೊತ್ತಾಗುತ್ತೆ. ಸ್ಟೇಜ್ ಮೇಲೆ ನಾವು ಸುಳ್ಳು ತಪ್ಪು ಮಾಡಿದ್ರೆ ಆಡಿಯನ್ಸ್ ಫೋನ್ ತೆಗೀತಾರೆ."

ಮನೆಯಲ್ಲೇ ಅಭ್ಯಾಸವಾಗಲಿ ಎಂದು ತೀರ್ಮಾನವಾಯಿತು. ದಿನವೂ ರಾತ್ರಿಯೂಟಕ್ಕೆ ಒಬ್ಬೊಬ್ಬರದು ಒಂದು ತಪ್ಪು. ಆದರೆ ಊಟದ ಮಧ್ಯೆ ಬಲಗೈ ಎಂಜಲು.

"ಎಡಗೈ ಮಾತ್ರ ಎತ್ತೋಣ," ಎಂದಳು ಲಾಸ್ಯಾ.

"ಅನ್ನದ ಮುಂದೆ ಎಡಗೈ ಎತ್ತೋದಾ!" ಎಂದರು ಅತ್ತೆ.

"ಚಪ್ಪಾಳೆ ಹೇಗೆ?" ಎಂದೆ ನಾನು.

ಕೊನೆಗೆ ಎಡಗೈಯನ್ನೇ ಎತ್ತುವುದು, ಚಪ್ಪಾಳೆಯ ಬದಲು ಎಡಗೈಯಿಂದ ಮೇಜು ಬಡಿಯುವುದು ಎಂದಾಯಿತು. ಮೊದಲ ದಿನ ಬದರಿ ಬಸ್ಸಿನಲ್ಲಿ ನಿದ್ದೆ ಹೋಗಿ ಎರಡು ಸ್ಟಾಪ್ ಮುಂದೆ ಇಳಿದದ್ದನ್ನು ಹೇಳಿದರು. ಮೇಜು ಬಡಿದೆವು, ಲೋಟದ ಮಜ್ಜಿಗೆ ಚೆಲ್ಲಿತು. ನನ್ನ ಸರದಿ ಬಂದಾಗ ಇವತ್ತು ಏನೂ ಇಲ್ಲವೆಂದೆ. ಮರುದಿನವೂ ಹಾಗೇ ಅಂದೆ.

"ಅಮ್ಮ ಆಡೋದೇ ಇಲ್ಲ," ಎಂದಳು ಲಾಸ್ಯಾ. ಅವಳ ದನಿಯಲ್ಲಿ ತಮಾಷೆ ಇರಲಿಲ್ಲ.

ನಾಲ್ಕನೆಯ ವಾರ ಅತ್ತೆ ಎಡಗೈ ಎತ್ತಿದರು. ತಾವು ಊಟಕ್ಕೆ ಕೂರುವ ಮೊದಲು ಕಾಗೆಗೆ ಒಂದು ತುತ್ತು ಇಡುವುದು ಅವರು ಎಂದೂ ತಪ್ಪಿಸದ ಪದ್ಧತಿ. ಎಂಟನೆಯ ಮಹಡಿಯ ಕಾರಿಡಾರಿನ ಕಟ್ಟೆಯ ಮೇಲೆ ಇಡುತ್ತಿದ್ದರು. ಇಲ್ಲಿ ಕಾಗೆಗಿಂತ ಮೊದಲು ಪಾರಿವಾಳಗಳು ಬರುತ್ತವೆ. ಹಕ್ಕಿಗಳಿಗೆ ಆಹಾರ ಹಾಕಿದರೆ ದಂಡ ಎಂದು ಮನೆಗೆ ಎಚ್ಚರಿಕೆಯ ಪತ್ರ ಬಂದು ಎರಡು ತಿಂಗಳಾಗಿತ್ತು.

"ಆ ಪತ್ರ ಅಕ್ಕಿ ಡಬ್ಬದ ಕೆಳಗಿದೆ. ನಾನೇ ಇಟ್ಟೆ," ಎಂದರು ಅತ್ತೆ.

ಇಟ್ಟದ್ದು ನಾನು. ಅತ್ತೆ ನನ್ನ ಕಡೆ ನೋಡಲಿಲ್ಲ. ನಾನು ತಟ್ಟೆ ನೋಡುತ್ತಾ ಕೂತೆ.

ಬದರಿ ಎತ್ತಿದ ತುತ್ತನ್ನು ತಟ್ಟೆಗೆ ಹಾಕಿದರು. "ಎರಡು ತಿಂಗಳಾ? ಅಮ್ಮ, ಈ ದೇಶದಲ್ಲಿ ಇರೋಕೆ ನಿನ್ನ ಪಾಸ್ ರಿನ್ಯೂ ಆಗ್ಬೇಕು ಈ ವರ್ಷ! ಯಾರಾದ್ರೂ—"

"ಅಪ್ಪ," ಎಂದಳು ಲಾಸ್ಯಾ.

ಅವರು ಬಾಯಿ ಮುಚ್ಚಿದರು. ಅವರ ಎಡಗೈ ಮೇಜಿಗೆ ಬಡಿಯಿತು, ಒಂದೇ ಸಲ.

"ಹೌದು. ಮತ್ತೆ... ಕಾಗೆಗೆ ಬೇರೆ ಏನು ಮಾಡೋದು?"

"ನನ್ನ ತಟ್ಟೇಲೇ ಒಂದು ತುತ್ತು ತೆಗೆದಿಟ್ಟು ಕೈ ಮುಗೀತೀನಿ ಬಿಡು. ಈ ಊರಿನ ಕಾಗೆಗೂ ಕಾನೂನು ಗೊತ್ತಿರುತ್ತೆ," ಎಂದರು ಅತ್ತೆ.

ಐದನೆಯ ಬುಧವಾರ ಕ್ಲಾಸಿನಲ್ಲಿ ಮನೆಗೆಲಸ ಕೊಟ್ಟರು: ಒಬ್ಬರ ಜೊತೆ ಊಟ ಮಾಡಿ, ಸಲಹೆ ಕೊಡಬೇಡಿ, ಪ್ರಶ್ನೆ ಮಾತ್ರ ಕೇಳಿ. ಶುಕ್ರವಾರ ಬದರಿ ಅರ್ಧ ದಿನ ರಜೆ ಹಾಕಿ ಆಂಗ್ ಮೋ ಕಿಯೋಗೆ ಹೋದರು. ಮಗಳನ್ನು ಅಚ್ಚರಿಗೊಳಿಸಬೇಕೆಂದು ಫೋನ್ ಮಾಡಿರಲಿಲ್ಲ. ರಿಸೆಪ್ಷನ್‌ನಲ್ಲಿ ಕೂತಿದ್ದ ಹುಡುಗಿ ಕಂಪ್ಯೂಟರ್ ನೋಡಿ, ಆ ಹೆಸರಿನವರು ಈಗ ಇಲ್ಲಿಲ್ಲ ಎಂದಳಂತೆ.

ಇದು ನಮಗೆ ಆಗ ಗೊತ್ತಾಗಲಿಲ್ಲ. ಶುಕ್ರವಾರ ಅವರು ಏನೂ ಹೇಳಲಿಲ್ಲ. ಶನಿವಾರ, ಭಾನುವಾರ ಊಟಕ್ಕೆ ಕೂತಾಗ ಒಬ್ಬೊಬ್ಬರ ಮುಖ ನೋಡಿದರು. ತಮ್ಮ ಸರದಿಯಲ್ಲಿ ಏನೋ ಚಿಲ್ಲರೆ ತಪ್ಪು ಹೇಳಿದರು. ಏನೋ ಸರಿಯಿಲ್ಲ ಎಂದು ನನಗೆ ಅನಿಸಿತು. ಸರ್ವೆಯ ಚಿಂತೆಯಿರಬೇಕು ಎಂದುಕೊಂಡೆ. ಸೋಮವಾರ ಬೆಳಿಗ್ಗೆ ನಾನು ಚಿತ್ರಾನ್ನ ತುಂಬಿ ಡಬ್ಬಿಯ ಮುಚ್ಚಳ ಒತ್ತುತ್ತಿದ್ದಾಗ ಪಕ್ಕಕ್ಕೆ ಬಂದು ನಿಂತರು.

"ಹೇಳು ಇಂದು, ಇದು ಯಾವ ಆಫೀಸಿಗೆ ಹೋಗ್ತಿದೆ?"

ನನ್ನ ಕೈ ಮುಚ್ಚಳದ ಮೇಲೆಯೇ ಉಳಿಯಿತು. ಶೂ ಹಾಕಿಕೊಳ್ಳುತ್ತಿದ್ದ ಲಾಸ್ಯಾ ಎದ್ದು ನಿಂತಳು.

"ಶುಕ್ರವಾರದಿಂದ ಕಾಯ್ತಿದ್ದೀನಿ. ಯಾರಾದ್ರೂ ಕೈ ಎತ್ತುತ್ತಾರೇನೋ ಅಂತ," ಎಂದರು ಬದರಿ. "ಎಷ್ಟು ದಿನ ಆಯ್ತು?"

"ಐದು ವಾರ. ಹೇಳ್ಬೇಡ ಅಂದಿದ್ದು ನಾನೇ ಅಪ್ಪ," ಎಂದಳು ಲಾಸ್ಯಾ. "ಅಮ್ಮಂಗೆ ನಾನೇ ಪ್ರಾಮಿಸ್ ಮಾಡ್ಸಿದ್ದೆ."

ನಾನು ಬಾಯಿ ತೆರೆದೆ. ಮಾತು ಬರಲಿಲ್ಲ. ಅದಕ್ಕಿಂತ ಸರಿಯಾಗಿ ಹೇಳಬೇಕೆಂದರೆ, ಬರುವ ಮಾತನ್ನು ತಡೆದೆ.

"ಶಾಪಲ್ಲಿ ಹದಿನಾರು ಗಂಟೆ. ಮನೇಲಿ ಐದು ವಾರ," ಎಂದರು ಬದರಿ. "ಇಲ್ಲೇ ಒಂದು ಸರ್ವೆ ಮಾಡಿದ್ರೆ ನಂಗೆಷ್ಟು ಮಾರ್ಕ್ಸ್?"

"ಹೆಸರು ಬರೀಬೇಕಾ?" ಎಂದರು ದೇವರ ಮುಂದೆ ಕೂತಿದ್ದ ಅತ್ತೆ.

ಯಾರೂ ನಗಲಿಲ್ಲ. ಬದರಿ ಮಗಳಿಗೆ ಕಾಯದೆ ಲಿಫ್ಟ್ ಹತ್ತಿದರು.

ಅಂದು ಬೆಳಿಗ್ಗೆ ಶಾಪಿನಲ್ಲಿ ನಡೆದದ್ದನ್ನು ಸಂಜೆ ಅವರೇ ಹೇಳಿದರು. ಮೀಟಿಂಗ್‌ನಲ್ಲಿ ಎರಡೂ ಕೈ ಎತ್ತಿದರಂತೆ. ನನ್ನ ಮಗಳ ಕೆಲಸ ಹೋಗಿ ಐದು ವಾರವಾಯಿತು, ಹೆದರಿ ನನ್ನಿಂದ ಮುಚ್ಚಿಟ್ಟಳು, ದಿನಾ ನನ್ನ ಜೊತೆಯಲ್ಲೇ ಲಿಫ್ಟಿನಲ್ಲಿ ಇಳಿಯುತ್ತಿದ್ದಳು, ನನಗೆ ಗೊತ್ತಾಗಲಿಲ್ಲ ಎಂದರಂತೆ. ಮೊದಲು ಚಪ್ಪಾಳೆ ತಟ್ಟಿದವಳು ಫರೀದಾ, ಹದಿನೈದು ವರ್ಷದಿಂದ ಅಲ್ಲಿ ಕೆಲಸ ಮಾಡುವವಳು. ಮೀಟಿಂಗ್ ಮುಗಿದ ಮೇಲೆ ಅವಳೇ ಹತ್ತಿರ ಬಂದು, ಒಂದು ಟಾರ್ಕ್ ರೆಂಚಿನ ಪರೀಕ್ಷೆಯ ಅವಧಿ ಮುಗಿದು ಹನ್ನೊಂದು ದಿನವಾಗಿದೆ, ನಾಲ್ಕು ದಿನದಿಂದ ತನಗೆ ಗೊತ್ತಿತ್ತು ಎಂದಳಂತೆ. ನಟ್ಟನ್ನು ಎಷ್ಟು ಬಿಗಿಯಬೇಕೆಂದು ಅಳೆಯುವ ಉಪಕರಣ ಅದು. ಅದರಿಂದ ಬಿಗಿದ ಪಂಪುಗಳೆಲ್ಲ ಈಗ ಅನುಮಾನದವು.

"ನೀವೇನಂದ್ರಿ?" ಎಂದೆ.

"ಇಷ್ಟು ದಿನ ಯಾಕೆ ಹೇಳ್ಲಿಲ್ಲ ಅಂತ ಬಾಯಿ ತುದೀಗೆ ಬಂದಿತ್ತು. ಥ್ಯಾಂಕ್ಸ್, ಮತ್ತೆ ಈಗ ಏನು ಮಾಡೋಣ ಅಂದೆ. ಅವಳ ಹತ್ರ ಪ್ಲಾನೇ ಇತ್ತು. ಯಾವ ಪಂಪು, ಯಾವ ದಿನ, ಎಲ್ಲಾ ಬರ್ದಿಟ್ಟಿದ್ಳು." ಬದರಿ ನೀರು ಕುಡಿದರು. "ಮೇಲಿನವರಿಗೆ ರಿಪೋರ್ಟ್ ಮಾಡ್ದೆ. ನಾಲ್ಕು ದಿನ ಶಾಪ್ ಬಂದ್. ಶುಕ್ರವಾರ ಸರ್ವೆ. ಮುಗೀತು ಅನ್ಕೊಳ್ಳಿ."

ನಾಲ್ಕು ದಿನವೂ ಅವರು ಲಾಸ್ಯಾಳ ಜೊತೆ ಹೆಚ್ಚು ಮಾತಾಡಲಿಲ್ಲ. ಸಾಂಬಾರು ಬಡಿಸುವಾಗ ಸಾಕು ಎಂದಷ್ಟೇ ಅನ್ನುತ್ತಿದ್ದರು. ಅವಳು ಹಗಲಿಡೀ ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ಅರ್ಜಿ ಹಾಕುತ್ತಿದ್ದಳು. ನಾನು ಶಿಶುವಿಹಾರದ ಆಫೀಸಿನ ಕೆಲಸ ಮುಗಿಸಿ ಒಂದು ಗಂಟೆಗೆ ಬರುತ್ತೇನೆ. ಇಬ್ಬರೂ ಎದುರುಬದುರು ಕೂತು ಉಣ್ಣುತ್ತಿದ್ದೆವು.

"ಹೇಳ್ಬಿಡ್ಲಾ?" ಎಂದು ಕೇಳಿದೆ ಒಂದು ದಿನ.

"ನನ್ನ ಪರ್ಮಿಷನ್ ಯಾಕೆ ಕೇಳ್ತೀಯ? ನೀನೇ ತಾನೇ ಈ ಮನೆ ಡೈರೆಕ್ಟರು," ಎಂದು ತಟ್ಟೆ ಎತ್ತಿಕೊಂಡು ಹೋದಳು.

ಮುಂದಿನ ಮಂಗಳವಾರ ಸರ್ವೆಯ ಫಲ ಬಂತು. ಹನ್ನೊಂದರಲ್ಲಿ ಎಂಟು ಜನ 'ಹೇಳುತ್ತೇನೆ' ಎಂದಿದ್ದರು. ಕೆಳಗೆ ಒಬ್ಬರು ಬರೆದಿದ್ದರು: ಅವರು ಎರಡೂ ಕೈ ಎತ್ತುವುದು ನೋಡಲು ಚೆನ್ನಾಗಿರುವುದಿಲ್ಲ, ಆದರೆ ಎತ್ತಲಿ. ಶಾಪು ಬದರಿಯ ಬಳಿಯೇ ಉಳಿಯಿತು. ನಾಲ್ಕು ದಿನ ಬಂದ್ ಆದದ್ದಕ್ಕೆ ಅವರ ಫೈಲಿನಲ್ಲಿ ಎಚ್ಚರಿಕೆಯ ಒಂದು ಸಾಲು ಕೂಡ ಸೇರಿತು.

ಅತ್ತೆ ಶಾವಿಗೆ ಪಾಯಸ ಮಾಡಿಸಿದರು. ಬಹಳ ದಿನದ ಮೇಲೆ ಬದರಿ ಎರಡನೆಯ ಸಲ ಬಡಿಸಿಕೊಂಡರು.

"ಶುಕ್ರವಾರ ಎಲ್ಲಾ ಡಿಪಾರ್ಟ್‌ಮೆಂಟ್ ಹೆಡ್‌ಗಳ ಮುಂದೆ ಮಾತಾಡ್ಬೇಕಂತೆ. ನಲವತ್ತು ಜನ. ಲಾಸು, ನಿನ್ನ ವಿಷ್ಯಾನೇ ಹೇಳ್ತೀನಿ. ಸ್ವಂತ ಮಗಳು ಅಪ್ಪಂಗೆ ಹೆದರಿ ಮುಚ್ಚಿಟ್ಳು ಅಂತ. ಪರವಾಗಿಲ್ವಾ?"

ಲಾಸ್ಯಾ ಪಾಯಸದಲ್ಲಿ ಚಮಚ ಆಡಿಸಿದಳು. "ಹೇಳು ಅಪ್ಪ. ಯೂಸ್ ಮಾಡ್ಕೋ. ನಮ್ಮಲ್ಲಿ ಎಲ್ಲಾ ಮೆಟೀರಿಯಲ್ಲೇ."

"ನವನೀತನೂ ಇರ್ತಾನೆ. ಅವನು ಕೇಳ್ಲಿ," ಎಂದರು ಬದರಿ.

ನನ್ನ ಬಲಗೈ ಅನ್ನದಲ್ಲಿತ್ತು. ಎಡಗೈ ಮಡಿಲಲ್ಲಿತ್ತು. ಅದನ್ನು ಎತ್ತಿದೆ. ತಲೆಗಿಂತ ಮೇಲಕ್ಕೆ ಹೋಗಲಿಲ್ಲ, ಕಿವಿಯ ಹತ್ತಿರ ನಿಂತಿತು.

"ಇವತ್ತು ಇಂದುದೂ ಇದೆ!" ಎಂದರು ಬದರಿ ನಗುತ್ತಾ.

"ಲಾಸ್ಯಾ ನಿಮಗೆ ಹೆದರಿ ಮುಚ್ಚಿಡ್ಲಿಲ್ಲ. ಅವತ್ತೇ ಹೇಳ್ತೀನಿ ಅಂತ ಬಾಗಿಲಲ್ಲೇ ನಿಂತಿದ್ಳು. ಬೇಡ ಅಂದಿದ್ದು ನಾನು. ಕಾಗೆ ಪತ್ರ ಅಕ್ಕಿ ಡಬ್ಬದ ಕೆಳಗೆ ಇಟ್ಟಿದ್ದೂ ನಾನು. ಇಬ್ಬರೂ ನನ್ನ ಬದಲು ತಪ್ಪು ಹೊತ್ಕೊಂಡ್ರು. ನಾನು ಸುಮ್ನೆ ಕೂತಿದ್ದೆ."

ಬದರಿಯ ನಗು ಹೋಯಿತು. "ಇನ್ನೂ ಏನಾದ್ರೂ ಇದೆಯಾ?"

"ಇಪ್ಪತ್ನಾಲ್ಕು ವರ್ಷದಿಂದ್ಲೂ ಇದೆ. ಊಟ ಆಗ್ಲಿ, ನಿದ್ದೆ ಆಗ್ಲಿ, ಮೀಟಿಂಗ್ ಮುಗೀಲಿ ಅಂತ ಎಲ್ಲರನ್ನೂ ತಡೀತಾ ಬಂದೆ. ನೀವು ಬೈತೀರ ಅಂತ ಅವರಿಗೆ ಹೇಳಿಕೊಟ್ಟೋಳು ನಾನೇ. ಆ ನಲವತ್ತು ಜನರ ಮುಂದೆ ನನ್ನ ಮಗಳ ಹೆಸರು ಹೇಳ್ಬೇಡಿ. ನನ್ನದು ಹೇಳಿ."

ನನ್ನ ಕೈ ನೋಯುತ್ತಿತ್ತು. ಇಳಿಸಬೇಕೋ ಬೇಡವೋ ತಿಳಿಯಲಿಲ್ಲ. ಅತ್ತೆ ಎಡಗೈಯನ್ನು ಮೇಜಿನ ಮೇಲೆ ಇಟ್ಟರು, ಬಡಿಯಲಿಲ್ಲ. ಲಾಸ್ಯಾ ತನ್ನಪ್ಪನನ್ನು ನೋಡುತ್ತಿದ್ದಳು.

ಬದರಿ ನನ್ನನ್ನು ನೋಡಲಿಲ್ಲ. ಹುಳಿ ಕಲಸಿದ ಅನ್ನದ ಒಂದು ತುತ್ತು ಬಾಯಿಗಿಟ್ಟು ನಿಧಾನವಾಗಿ ಅಗಿದರು.

"ಉಪ್ಪು ಕಮ್ಮಿ," ಎಂದರು.

ನನ್ನ ಕಾಲು ತಾನಾಗಿ ಕುರ್ಚಿಯನ್ನು ಹಿಂದಕ್ಕೆ ತಳ್ಳಿತು.

"ಕೂತ್ಕೋ," ಎಂದು ಅವರೇ ಎದ್ದರು.

ಅಡುಗೆಮನೆಯಲ್ಲಿ ಒಂದು ಕಪಾಟು ತೆರೆಯಿತು, ಮುಚ್ಚಿತು. ಇನ್ನೊಂದು ತೆರೆಯಿತು. ಕೆಂಪು ಮುಚ್ಚಳದ ಡಬ್ಬಿ ಈಗ ಒಲೆಯ ಪಕ್ಕದಲ್ಲಿರಲಿಲ್ಲ. ಪಾಯಸಕ್ಕೆ ಜಾಗ ಮಾಡಲು ನಾನೇ ಅದನ್ನು ಫ್ರಿಜ್ ಮೇಲೆ ಇಟ್ಟಿದ್ದೆ. ಲಾಸ್ಯಾ ನನ್ನ ಬಾಯನ್ನೇ ನೋಡುತ್ತಿದ್ದಳು. ನಾನು ತುಟಿ ಬಿಚ್ಚಲಿಲ್ಲ.

ಮೂರನೆಯ ಕಪಾಟು. ಸ್ಟೀಲ್ ತಟ್ಟೆಗಳು ಜಾರಿದ ಸದ್ದು. ಆಮೇಲೆ ಒಳಗಿನಿಂದ ಅವರ ದನಿ ಬಂತು.

"ತಪ್ಪಿದೆ! ಸಿಗ್ತಿಲ್ಲ. ಎಲ್ಲಿಟ್ಟಿದ್ದೀಯ ಹೇಳು ಇಂದು."

ಅತ್ತೆ ಮೊದಲು ಮೇಜು ಬಡಿದರು. ನಾನು ಹೇಳಿದೆ.